ಗುಂಡಿಯ ಮೇಲಿನ ಹೆಬ್ಬೆರಳು

ಖಸ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಖಸ್.

ಕಾದ ಹಂಚಿನ ಮೇಲೆ ಒಂದೇ ಹನಿ ನೀರು ಬಿದ್ದಂಥ ಸದ್ದು. ವೈರ್‌ಲೆಸ್ ಸೆಟ್ಟಿನ ಮಗ್ಗುಲಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿ ಹಿಡಿದು ಮಾತನಾಡಬೇಕು, ಬಿಟ್ಟು ಕೇಳಬೇಕು. ಯಾರಾದರೂ ಅದನ್ನು ಒತ್ತಿ, ಏನೂ ಆಡದೆ ಬಿಟ್ಟುಬಿಟ್ಟರೆ ಉಳಿದವರ ಸೆಟ್ಟಿನಲ್ಲಿ ಈ ಸದ್ದು ಬರುತ್ತದೆ. ನಾವು ಹ್ಯಾಮ್ ರೇಡಿಯೋದವರು, ಅಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು ಹವ್ಯಾಸಕ್ಕೆಂದು ವೈರ್‌ಲೆಸ್ ಇಟ್ಟುಕೊಂಡವರು, ಇದನ್ನು ಕೇಳಿ ಕೇಳಿ ರೂಢಿಯಾದವರು. ಯಾರದೋ ಜೇಬಿನಲ್ಲಿ ಒತ್ತಿಕೊಂಡಿರಬೇಕು ಎಂದು ಬಿಟ್ಟುಬಿಡುತ್ತೇವೆ. ಆ ಬೆಳಿಗ್ಗೆ ನನಗೆ ಬಿಡಲಾಗಲಿಲ್ಲ.

ಅದಕ್ಕೆ ಕಾರಣ ನನ್ನ ಮದುವೆಯಷ್ಟು ಹಳೆಯದು. ನಾನು ಹುಟ್ಟಿದ್ದು ಕುಷ್ಟಗಿಯ ವ್ಯಾಪಾರಸ್ಥರ ಮನೆಯಲ್ಲಿ, ಓದಿದ್ದು ಬಳ್ಳಾರಿಯ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ. ನಮಗೆ ಎಲೊಕ್ಯೂಷನ್, ಅಂದರೆ ಮಾತುಗಾರಿಕೆ, ಕಲಿಸುತ್ತಿದ್ದ ಸಿಸ್ಟರ್ ಸಭಾಂಗಣದ ಕೊನೆಯ ಬೆಂಚಿನ ಹಿಂದೆ ನಿಂತು, "ಐ ಕಾಂಟ್ ಹಿಯರ್ ಯು, ಮೈ ಡಿಯರ್ ಗರ್ಲ್" ಎನ್ನುತ್ತಿದ್ದರು. ದನಿ ಅಲ್ಲಿಯವರೆಗೂ ಮುಟ್ಟಬೇಕು, ಆದರೆ ಕೂಗಬಾರದು. ಆ ದನಿಯನ್ನೇ ಹೊತ್ತುಕೊಂಡು ಗಂಗಾವತಿಯ ಕೂಡುಮನೆಗೆ ಸೊಸೆಯಾಗಿ ಬಂದೆ. ಮೊದಲ ದಿನವೇ ಪಡಸಾಲೆಯಲ್ಲಿ ಕೂತಿದ್ದ ಮಾವನವರಿಗೆ ನೇರವಾಗಿ, "ಗುಡ್ ಮಾರ್ನಿಂಗ್, ಚಹಾ ತಗೋತೀರಾ?" ಎಂದು ಕೇಳಿದೆ. ನಮ್ಮ ಅತ್ತೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಮೆತ್ತಗೆ ಹೇಳಿದರು: "ಮಾವಾರ ಮುಂದ ಸೊಸಿ ಮಾತಾಡೂದಿಲ್ಲವಾ. ಏನರ ಬೇಕಾದ್ರ ನನ್ನ ಮುಂದ ಹೇಳು, ನಾ ಅವರಿಗೆ ಹೇಳತೀನಿ."

ಅಲ್ಲಿಂದ ಮುಂದೆ ಪಡಸಾಲೆ ದಾಟಬೇಕಾದರೂ ನಾನು ಹಿತ್ತಲಿನಿಂದ ಸುತ್ತಿಕೊಂಡು ಹೋಗುತ್ತಿದ್ದೆ. ನನ್ನ ಗಂಡ ನೀರಾವರಿ ಇಲಾಖೆಯ ವೈರ್‌ಲೆಸ್ ಆಪರೇಟರ್. ಡ್ಯಾಮಿನಿಂದ ಯಾವ ಕಾಲುವೆಗೆ ಎಷ್ಟು ನೀರು ಬಿಟ್ಟರು ಎಂಬುದನ್ನು ದಿನವಿಡೀ ಕೇಳಿ ಹೇಳುವ ಕೆಲಸ. ಅವರು ನನಗೆ ಮೋರ್ಸ್, ಅಂದರೆ ಗಿಡ್ಡ-ಉದ್ದ ಸದ್ದುಗಳಲ್ಲೇ ಅಕ್ಷರ ಹೇಳುವ ತಂತಿ ಭಾಷೆ, ಕಲಿಸಿದರು. ಹಿರಿಯರೆಲ್ಲ ಕೂತಿರುವಾಗ ಊಟದ ಪಂಕ್ತಿಯಿಂದಲೇ ಹಿತ್ತಾಳೆ ಲೋಟದ ಮೇಲೆ ಉಗುರಿನಿಂದ ಟಕಟಕ ಎನ್ನಿಸಿ, "ಸಾರು ಉಪ್ಪು" ಎಂದು ಹೇಳುತ್ತಿದ್ದರು. ಅಡುಗೆಮನೆಯಿಂದ ನಾನು ಸೌಟಿನಲ್ಲಿ ಉತ್ತರ ಕೊಡುತ್ತಿದ್ದೆ. ಬಾಯಿ ತೆರೆಯಲಾಗದವರು ಬೆರಳಿನಿಂದ ಎಷ್ಟು ಮಾತನಾಡಬಹುದು ಎಂಬುದು ನನಗೆ ಗೊತ್ತಿತ್ತು. ಮುಂದೆ ಇಬ್ಬರೂ ಹ್ಯಾಮ್ ಪರೀಕ್ಷೆ ಬರೆದೆವು. ಅವರು ತೀರಿಹೋದ ಮೇಲೆ ಅವರ ಕುರ್ಚಿಯಲ್ಲಿ ನಾನು ಕೂತೆ.

ಮಾಳಿಗೆಯ ಮೇಲಿನ ಆಂಟೆನಾ ನೋಡಿ ಪಕ್ಕದ ಮನೆಯಾಕೆಗೆ ಈಗಲೂ ನಗು. "ಅಕ್ಕಾರ, ಇಷ್ಟ ದೊಡ್ಡ ಆಂಟೆನಾ ಇಟ್ಟೀರಿ, ಒಂದು ಧಾರಾವಾಹಿನೂ ಬರೂದಿಲ್ಲಂತೀರಿ," ಎನ್ನುತ್ತಾಳೆ.

ಧಾರಾವಾಹಿ ನಮ್ಮದೂ ಇತ್ತು, ಭಾನುವಾರ ಬೆಳಿಗ್ಗೆ. ಗಂಗಾವತಿಯಿಂದ ನಾನು ಒಂದೊಂದೇ ಊರನ್ನು ಕರೆಯುತ್ತಿದ್ದೆ: ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಅಳವಂಡಿ, ಸಾಣಾಪುರ. ಗುಡ್ಡದ ಮೇಲೆ ನಾವೇ ಕೂಡಿಸಿದ ರಿಪೀಟರ್ ಎಂಬ ಪೆಟ್ಟಿಗೆ ಇದೆ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನ ಮಾತನ್ನೂ ಅದು ಹಿಡಿದು ಊರೂರಿಗೆ ಮುಟ್ಟಿಸುತ್ತದೆ. ಸೋಲಾರ್ ಮೇಲೆ ನಡೆಯುವುದರಿಂದ ಕರೆಂಟು ಹೋದರೂ, ಮೊಬೈಲ್ ಟವರು ಬಂದ್ ಆದರೂ ಅದಕ್ಕೆ ಚಿಂತೆಯಿಲ್ಲ. ಆಪತ್ತಿನಲ್ಲಿ ನೆರವಾಗಲೆಂದೇ ಈ ರೋಲ್‌ಕಾಲ್. ಮಾತು ಮುಗಿಸಿ ಎದುರಿನವರಿಗೆ ಸರದಿ ಬಿಟ್ಟುಕೊಡುವಾಗ ಓವರ್ ಎನ್ನಬೇಕು. ನಿಯಮದ ಪ್ರಕಾರ "ಕೇಳಿಸಿತು, ಓವರ್" ಎಂದರೆ ಮುಗಿಯಿತು. ಆದರೆ ಕುಷ್ಟಗಿಯ ಕಿರಾಣಿ ಅಂಗಡಿಯವರಿಗೆ ಅಷ್ಟರಲ್ಲಿ ಮುಗಿಸಿ ಗೊತ್ತಿಲ್ಲ.

"ನಮಸ್ಕಾರ್ರಿ ಅಕ್ಕಾರ. ನಾಷ್ಟಾ ಆತೇನ್ರಿ? ನಮ್ಮಲ್ಲಿ ಒಗ್ಗರಣಿ ಮಿರ್ಚಿ ನಡದೈತಿ. ಮಳಿ ಹೆಂಗೈತ್ರಿ ಆ ಕಡೆ?"

"ಕುಷ್ಟಗಿ, ಡಿಸಿಪ್ಲಿನ್ ಪ್ಲೀಸ್. ಮಿರ್ಚಿ ನಾಳಿ ತಿನ್ನೋಣು. ಓವರ್."

"ನಾಳಿ ತನಕ ಮಿರ್ಚಿ ಮೆತ್ತಗಾಗತಾವ್ರಿ. ಓವರ್."

ಸಾಣಾಪುರದ ಸ್ಟೇಷನ್ ಒಬ್ಬ ರೈತರ ಹುಡುಗ. ಮದುವೆಯ ಕಾರ್ಡು ಕೊಡಲು ನಮ್ಮ ಮನೆಗೆ ಬಂದಿದ್ದ. ಅವನ ಬಳಿ ಎರಡು ಸೆಟ್ಟುಗಳಿದ್ದವು. ಒಂದು ಯಾವಾಗಲೂ ಅವನ ಸೊಂಟದಲ್ಲಿ, ಇನ್ನೊಂದು ಮನೆಯಲ್ಲಿ, ಚಾರ್ಜಿಗೆ.

ಆ ಮಳೆಗಾಲದಲ್ಲಿ ಮೇಲಿನ ಸೀಮೆಯಲ್ಲಿ ಸುರಿದ ಮಳೆಗೆ ಡ್ಯಾಮು ತುಂಬಿ ಹೊಳೆಗೆ ನೀರು ಬಿಟ್ಟಿದ್ದರು. ಡಂಗುರ ಸಾರಿದ್ದರು, ಜನ ಎಚ್ಚರವಾಗಿದ್ದರು. ಆದರೆ ಹೊಳೆಯ ನಡುವಿನ ಗಡ್ಡಿಗಳಲ್ಲಿ, ನೀವು ಪುಸ್ತಕದಲ್ಲಿ ನಡುಗಡ್ಡೆ ಎನ್ನುತ್ತೀರಲ್ಲ ಅಲ್ಲಿ, ಕೆಲವರ ಹೊಲಗಳಿವೆ. ಹೊಳೆ ಏರಿತು ಎಂದರೆ ರೈತರು ಮೊದಲು ಓಡುವುದು ಅಲ್ಲಿನ ನೀರೆತ್ತುವ ಮೋಟರ್ ಬಿಚ್ಚಿಕೊಂಡು ಬರಲು. ಸಾಣಾಪುರದ ಈ ಹುಡುಗನೂ ನಸುಕಿನಲ್ಲಿ ಹೋಗಿದ್ದ. ಜೊತೆಗೆ, ಇದು ನನಗೆ ಆಮೇಲೆ ತಿಳಿದದ್ದು, ಹೊಸ ಹೆಂಡತಿ, ಅಲ್ಲೇ ಕಟ್ಟಿದ್ದ ಎಮ್ಮೆ ಹೊಡೆದುಕೊಂಡು ಬರಲು. ಅಷ್ಟರಲ್ಲಿ ನೀರು ಇನ್ನಷ್ಟು ಏರಿ ದಾರಿ ಮುಳುಗಿತು. ಕರೆಂಟು ಹೋಯಿತು, ಮೊಬೈಲು ಸತ್ತಿತು.

ನಾನು ಬೆಳಿಗ್ಗೆಯಿಂದ ಸೆಟ್ಟಿನ ಮುಂದೆಯೇ ಕೂತಿದ್ದೆ. ಕೊಪ್ಪಳದ ಕಂಟ್ರೋಲ್ ರೂಮಿನಲ್ಲಿ ನಮ್ಮ ಬಳಗದ ಒಬ್ಬ ಲೆಕ್ಚರರ್, ಗಂಗಾವತಿಯ ಆಸ್ಪತ್ರೆಯಲ್ಲಿ ಒಬ್ಬ ನಿವೃತ್ತ ಮಾಸ್ತರು, ಇಬ್ಬರೂ ತಮ್ಮ ಸೆಟ್ಟು ಹಿಡಿದು ಕೂತಿದ್ದರು. ಆದರೆ ಯಾರೂ ಮಾತನಾಡುವ ಹಾಗಿರಲಿಲ್ಲ. ಸಾಣಾಪುರದ ದಂಡೆಯಿಂದ ಒಬ್ಬ ಹಿರಿಯರು ಚಾನೆಲ್ ಪೂರ್ತಿ ಹಿಡಿದುಕೊಂಡಿದ್ದರು.

"ತಮ್ಮಾ... ಏ ತಮ್ಮಾ... ಎಲ್ಲಿ ಅದೀಯೋ? ಮೋಟರ್ ಹೋದ್ರ ಹೋಗ್ಲಿ ಬಾರೋ... ನಿಮ್ಮವ್ವ ಅಳಾಕ ಹತ್ಯಾಳ... ಏ ತಮ್ಮಾ, ಮಾತಾಡೋ..."

ಹುಡುಗನ ತಂದೆ. ಮನೆಯಲ್ಲಿದ್ದ ಎರಡನೆಯ ಸೆಟ್ಟು ಹಿಡಿದುಕೊಂಡು ದಂಡೆಗೆ ಬಂದಿದ್ದರು. ಮಗ ಗುಂಡಿ ಒತ್ತಿ ಮಾತನಾಡುವುದನ್ನು ನೋಡಿದ್ದರೇ ಹೊರತು ಬಿಟ್ಟು ಕೇಳುವುದನ್ನು ಗಮನಿಸಿರಲಿಲ್ಲ. ಫೋನು ಇಟ್ಟರೆ ಲೈನು ಹೋಗುತ್ತದಲ್ಲ, ಹಾಗೆಯೇ ಗುಂಡಿ ಬಿಟ್ಟರೆ ಮಗನೇ ಕೈಬಿಟ್ಟುಹೋದಾನು ಎಂಬಂತೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ಒಬ್ಬರು ಒತ್ತಿ ಹಿಡಿದರೆ ಬೇರೆಯವರ ಮಾತು ಹೋಗುವುದಿಲ್ಲ, ಅವರಿಗಂತೂ ಏನೂ ಕೇಳಿಸುವುದಿಲ್ಲ. ನಾವೆಲ್ಲ ಸೆಟ್ಟಿದ್ದೂ ಮೂಕರು.

ಕೆಮ್ಮು ಬಂದಾಗ ಅವರ ಬೆರಳು ಸಡಿಲಾಗುತ್ತಿತ್ತು. ಆ ಒಂದು ಉಸಿರಿನ ಬಿಡುವಿನಲ್ಲಿ ಆ ಸದ್ದು: ಖಸ್. ಅವರು ಮತ್ತೆ ಶುರು ಮಾಡುತ್ತಿದ್ದರು. ಮತ್ತೆ ಕೆಮ್ಮು, ಮತ್ತೆ ಖಸ್. ಬಿಡುವಿಗಾಗಿ ಕಾದು ಕೂತು ಯಾರೋ ಒತ್ತುತ್ತಿದ್ದಾರೆ ಎಂದು ನನಗೆ ತಿಳಿಯಿತು. ಜೇಬಿನಲ್ಲಿದ್ದ ಸೆಟ್ಟು ಬಿಡುವಿಗೆ ಕಾಯುವುದಿಲ್ಲ.

ಮುಂದಿನ ಕೆಮ್ಮಿಗೆ ನಾನು ಕಾದಿದ್ದೆ. ನಮ್ಮ ಸಿಸ್ಟರ್ ಕೊನೆಯ ಬೆಂಚಿನ ಹಿಂದೆ ನಿಂತಿದ್ದಾರೆ ಎಂದುಕೊಂಡು ಹೇಳಿದೆ:

"ಬ್ರೇಕ್, ಬ್ರೇಕ್, ಬ್ರೇಕ್. ಆಲ್ ಸ್ಟೇಷನ್ಸ್, ಕೀಪ್ ಸೈಲೆನ್ಸ್. ದಿಸ್ ಈಸ್ ಗಂಗಾವತಿ."

ಇಂಗ್ಲಿಷ್ ಕೇಳಿ ಹಿರಿಯರು ಯಾರೋ ದೊಡ್ಡ ಅಧಿಕಾರಿ ಎಂದುಕೊಂಡರು. "ಆತ್ರಿ ಮೇಡಂ ಸಾಹೇಬ್ರ," ಎಂದು ತಟ್ಟನೆ ಸುಮ್ಮನಾದರು. ಇಷ್ಟು ವರ್ಷಗಳಲ್ಲಿ ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಅಂಥ ಮರ್ಯಾದೆ ಇನ್ನೆಲ್ಲೂ ಸಿಕ್ಕಿರಲಿಲ್ಲ.

"ಸುಮ್ನ ಗುಂಡಿ ಒತ್ತಾಕ ಹತ್ತಿದವರು ಯಾರು? ಹೌದಂದ್ರ ಒಮ್ಮೆ ಒತ್ರಿ, ಅಲ್ಲಂದ್ರ ಎರಡು ಸಲ ಒತ್ರಿ. ನೀವು ಗಡ್ಡಿ ಮ್ಯಾಲೆ ಅದೀರೇನು?"

ಖಸ್.

"ಏನರ ಆಗೈತೇನು?"

ಖಸ್.

"ನೀವು ಸಾಣಾಪುರದ ನಮ್ಮ ಹುಡುಗನ ಏನು?"

ಖಸ್. ಖಸ್.

ಹಾಗಾದರೆ ಸೆಟ್ಟು ಬೇರೆಯವರ ಕೈಗೆ ಬಂದಿದೆ. ಅವನಿಗೇ ಏನೋ ಆಗಿದೆ.

"ಹೆಣ್ಮಗಳೇನವಾ?"

ಖಸ್.

ಆಗ ನನಗೆ ಎಲ್ಲ ಅರ್ಥವಾಯಿತು. ಅವಳ ಅಂಗೈಯಲ್ಲಿದ್ದ ಸೆಟ್ಟಿನೊಳಗಿಂದ ಮಾವನ ದನಿ ಬರುತ್ತಿತ್ತು. ಮದುವೆಯಾಗಿ ಒಂದು ಸುಗ್ಗಿಯೂ ಕಳೆಯದ ಸೊಸೆ. ಆ ಮಾವನೆದುರು ಒಂದು ದಿನವೂ ಬಾಯಿ ತೆರೆದವಳಲ್ಲ. ಅವಳ ಪಾಲಿಗೆ ಆತ ಎದುರಿನ ಕಲ್ಲಿನ ಮೇಲೆಯೇ ಕೂತಿದ್ದ ಹಾಗೆ. ಜೊತೆಗೆ ದಂಡೆಯ ಮೇಲೆ ಊರಿಗೆ ಊರೇ ಆ ಸೆಟ್ಟಿಗೆ ಕಿವಿ ಕೊಟ್ಟಿದೆ ಎಂಬುದೂ ಅವಳಿಗೆ ಕೇಳಿಸುತ್ತಿತ್ತು. ದೂರದಲ್ಲಿ ಕೂತವರು, ಜೀವ ಹೋಗುವ ಹೊತ್ತಿನಲ್ಲಿ ಎಂಥ ನಾಚಿಕೆ ಎಂದಾರು. ನಾಚಿಕೆಯಲ್ಲ ಅದು. ಹಿತ್ತಲಿನಿಂದ ಸುತ್ತಿಕೊಂಡು ಹೋದವಳು ನಾನು. ನನಗೆ ಗೊತ್ತು.

ನಾನು ಹಿರಿಯರಿಗೆ ಹೇಳಿದೆ: "ಸಾಣಾಪುರ ದಂಡಿಯವರ, ನಿಮ್ಮ ಸೆಟ್ಟಿನ ಬ್ಯಾಟ್ರಿ ಉಳಿಬೇಕ್ರಿ. ನಾ ಮತ್ತ ಕರಸೂತನಕ ಬಂದ್ ಮಾಡ್ರಿ. ಒಂದು ಮಾತು ನೆನಪಿಡ್ರಿ, ಗುಂಡಿ ಒತ್ತಿದ್ರ ನಿಮ್ಮ ಮಾತು ಹೋಗತದ, ಬಿಟ್ರಷ್ಟ ಅವರ ಮಾತು ಬರತದ. ಓವರ್."

"ಆತ್ರಿ. ಬಂದ್ ಮಾಡತೀನ್ರಿ. ನನ್ನ ಮಗಾ..." ಎಂದರು.

"ಈಗ ಹೇಳವಾ," ಎಂದೆ. "ನಿಮ್ಮ ಮಾವಾರು ಸೆಟ್ ಬಂದ್ ಮಾಡ್ಯಾರ. ನಾನು ನಿಮ್ಮವ್ವನ ವಾರಿಗೀಕಿ, ಆಕಿ ವಯಸ್ಸಿನಾಕಿ. ನನ್ನ ಮುಂದ ಹೇಳು."

ಗುಂಡಿ ಒತ್ತಿದ ಸದ್ದು ಬಂತು, ಹಿಂದೆ ಹೊಳೆಯ ಭೋರ್ಗರೆತ, ಆಮೇಲೆ ಸಣ್ಣ ದನಿ: "ಹುಳ ಮುಟ್ಟೈತ್ರಿ ಅವರಿಗೆ."

ಹಾವಿಗೆ ನಮ್ಮ ಕಡೆ ಅಂಥ ಹೊತ್ತಿನಲ್ಲಿ ಹಾವು ಎನ್ನುವುದಿಲ್ಲ. ಹುಳ ಎನ್ನುತ್ತಾರೆ. ನೀರು ಏರಿದಾಗ ಅವೂ ಪಾಪ ಒಣ ಜಾಗ ಹುಡುಕಿಕೊಂಡು ಬರುತ್ತವೆ. ಮೋಟರಿನ ಮೇಲೆ ಮುಚ್ಚಿದ್ದ ತಗಡು ಎತ್ತುವಾಗ ಅಂಗೈಗೆ ಕಚ್ಚಿತ್ತು.

"ಉಸರಾಟ ಹೆಂಗೈತವಾ?"

"ಉಸರಾಡಾಕ ಹತ್ಯಾರ್ರಿ. ಕಣ್ಣ ರೆಪ್ಪಿ ಮ್ಯಾಲಕ ಏಳವಲ್ವು. ಮಾತು ತೊದಲಾಕ ಹತ್ಯಾವ್ರಿ. ಕೈಗೆ ಗಟ್ಟಿ ಕಟ್ಟಲೇನ್ರಿ? ಕೊಯ್ದು ರಕ್ತ ತಗೀಲೇನ್ರಿ?"

ಆಸ್ಪತ್ರೆಯ ಮಾಸ್ತರು ಡಾಕ್ಟರನ್ನು ಪಕ್ಕದಲ್ಲೇ ಕೂಡಿಸಿಕೊಂಡಿದ್ದರು. ಡಾಕ್ಟರು ಹೇಳಿದ್ದನ್ನು ಪಾಠ ಓದಿಸಿದ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು: "ಕಟ್ಟಬ್ಯಾಡ. ಕೊಯ್ಯಬ್ಯಾಡ. ಉಂಗುರ, ಕೈಯಾಗಿನ ದಾರ ಬಿಚ್ಚು. ಒಂದು ಮಗ್ಗಲಕ ಮಲಗಸು. ಕೈಗೆ ಕಟಗಿ ಕೊಟ್ಟು ಅರಿವಿ ಸಡಲಾಗಿ ಸುತ್ತು, ಅಳ್ಳಾಡಬಾರದು. ಔಷಧ ಇಲ್ಲಿ ತಯಾರೈತಿ." ಆಮೇಲೆ ನನಗೆಂದು, ದನಿ ಇಳಿಸಿ, "ರೆಪ್ಪಿ ಬಿದ್ದಾವಂದ್ರ ತಡಾ ಮಾಡೂಹಂಗಿಲ್ಲಂತ್ರಿ ಅಕ್ಕಾರ. ಮುಂದ ಉಸರ ನಿಲ್ಲತೈತಿ," ಎಂದರು. ಆ ದನಿ ಇಳಿಸಿದ್ದರಿಂದ ಪ್ರಯೋಜನವೇನು? ವೈರ್‌ಲೆಸ್ಸಿನಲ್ಲಿ ಗುಟ್ಟಿಲ್ಲ. ಅವಳಿಗೂ ಕೇಳಿಸಿತ್ತು.

"ಬೋಟ್ ಬರತೈತೇನ್ರಿ?" ಎಂದಳು.

"ಬರತೈತಿ," ಎಂದೆ. ಬರುತ್ತದೋ ಇಲ್ಲವೋ ನನಗಿನ್ನೂ ಗೊತ್ತಿರಲಿಲ್ಲ.

ಕೊಪ್ಪಳದ ಲೆಕ್ಚರರ್ ಕಂಟ್ರೋಲ್ ರೂಮಿನ ಅಧಿಕಾರಿಗಳಿಗೆ ಎಲ್ಲವನ್ನೂ ಆಗಲೇ ಹೇಳುತ್ತಿದ್ದರು. ಆನೆಗುಂದಿಯ ಕಡೆ ಇದ್ದ ರಬ್ಬರ್ ಬೋಟನ್ನು ಸಾಣಾಪುರಕ್ಕೆ ತಿರುಗಿಸಿದ್ದಾರೆ ಎಂದರು. ಕುಷ್ಟಗಿ, ಯಲಬುರ್ಗಾ, ಅಳವಂಡಿ, ಎಲ್ಲರೂ ಕೇಳುತ್ತಿದ್ದರು. ಯಾರೂ ಗುಂಡಿ ಮುಟ್ಟಲಿಲ್ಲ. ನಮ್ಮ ಕುಷ್ಟಗಿಯವರು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು, ಐ ಮಸ್ಟ್ ಸೇ, ಆ ದಿನದ ದೊಡ್ಡ ಸೇವೆಗಳಲ್ಲಿ ಒಂದು.

ಬೋಟಿನವರು ದಂಡೆಗೆ ಬಂದದ್ದು ನಮಗೆ ತಿಳಿದದ್ದು, ಬಂದ್ ಆಗಿದೆ ಎಂದು ನಾನಂದುಕೊಂಡಿದ್ದ ಹಿರಿಯರ ಸೆಟ್ಟಿನಿಂದಲೇ. ಗಾಬರಿಯಲ್ಲಿ ಅವರ ಬೆರಳು ಮತ್ತೆ ಗುಂಡಿಯ ಮೇಲೆ ಕೂತಿತ್ತು. ಅಲ್ಲಿ ನಡೆದ ಜಗಳವೆಲ್ಲ ಜಿಲ್ಲೆಗೆ ಕೇಳಿಸಿತು.

"ಅಜ್ಜಾರ, ನಮ್ಮ ಸೆಟ್ಟಿನಾಗ ಆಯಮ್ಮನ ಮಾತು ಬರೂದಿಲ್ಲ. ನಿಮ್ಮದು ಕೊಡ್ರಿ ಇತ್ತ." ಇದು ಬೋಟಿನ ಮುಖ್ಯಸ್ಥರ ದನಿ. ಅವರ ಇಲಾಖೆಯ ಸೆಟ್ಟಿನ ಫ್ರೀಕ್ವೆನ್ಸಿ ಬೇರೆ, ನಮ್ಮದು ಬೇರೆ. ಪಕ್ಕಪಕ್ಕದಲ್ಲಿ ಇಟ್ಟರೂ ಒಂದರ ಮಾತು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ.

"ಸೆಟ್ ಕೊಡತೀನ್ರಿ. ಹೊಳ್ಯಾಗಿನ ಕಲ್ಲು ಹೆಂಗ ಕೊಡ್ಲಿ ನಿಮಗ? ಹುಟ್ಟಿದಾಗಿಂದ ಈ ಹೊಳ್ಯಾಗ ತೆಪ್ಪ ಹಾಕೀನಿ."

"ವಯಸ್ಸಾಗೈತ್ರಿ ನಿಮಗ."

"ಹೊಳಿಗೂ ಆಗೈತಿ. ಏನ ಮಾಡತೀರಿ ಅದಕ್ಕ?"

ಯಾರೋ ನಕ್ಕರು. ಆ ಮುಖ್ಯಸ್ಥರು ಒಳ್ಳೆಯವರು. ಲೈಫ್ ಜಾಕೆಟ್ ತೊಡಿಸಿ ಕೂಡಿಸಿಕೊಂಡರು. ಎಂಜಿನ್ನಿನ ಗದ್ದಲ ಶುರುವಾಯಿತು. ಹಿರಿಯರ ಬೆರಳು ಗುಂಡಿಯ ಮೇಲೆಯೇ ಇತ್ತು. "ತಮ್ಮಾ, ಬಂದ್ವಿ, ಬಂದ್ವಿ," ಎನ್ನುತ್ತಿದ್ದರು. ಆ ಮಾತಿನ ಅಡಿಯಲ್ಲಿ ಇನ್ನೊಂದು ದನಿ ಸಿಕ್ಕಿಕೊಂಡು ಕೀರಲು ಸದ್ದಾಗುತ್ತಿತ್ತು. ಅವಳು ಏನೋ ಹೇಳುತ್ತಿದ್ದಳು. ಆಮೇಲೆ ತಿಳಿಯಿತು, ಅವಳಿಗೆ ಬೋಟು ಕಾಣುತ್ತಿತ್ತು. ಬೋಟಿನವರಿಗೆ ಬಂಡೆಗಳ ಮರೆಯಲ್ಲಿದ್ದ ಅವಳು ಕಾಣುತ್ತಿರಲಿಲ್ಲ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಗುಂಡಿ ಬಿಡ್ರಿ, ಗುಂಡಿ ಬಿಡ್ರಿ ಎಂದು ಖಾಲಿ ಕೋಣೆಗೆ ಹೇಳುತ್ತಿದ್ದೆ. ಒತ್ತಿ ಹಿಡಿದವರಿಗೆ ದೇವರು ಹೇಳಿದರೂ ಕೇಳಿಸುವುದಿಲ್ಲ.

ಆಗ ಎಂಜಿನ್ ಸದ್ದಿನ ನಡುವೆ ಆ ಹಿರಿಯರ ಮಾತು ಬಂತು. ಈ ಸಲ ಮಗನಿಗಲ್ಲ.

"ನೋಡವಾ, ನಾ ಸೆಟ್ ಬಂದ್ ಮಾಡಿದ್ದಿಲ್ಲ. ಮಾಡಾಕ ಮನಸಾಗಲಿಲ್ಲ. ನೀ ಹೇಳಿದ್ದೆಲ್ಲಾ ಕೇಳೀನಿ. ಭಾಳ ಛಲೋ ಹೇಳಿದಿ. ಈಗ ನಾ ಗುಂಡಿ ಬಿಡತೀನಿ. ನೀ ಹೇಳು, ನಾ ಕೇಳತೀನಿ." ನನ್ನಿಂದ ಕೇಳಿ ಕಲಿತ ಮಾತನ್ನು ಸೇರಿಸಿದರು: "ಓವರ್."

ಬಿಟ್ಟರು.

ಚಾನೆಲ್ ಖಾಲಿಯಾಯಿತು. ಖಸ್ ಎಂದಿತು. ನನಗೆ ಮತ್ತೆ ಭಯ. ಆದರೆ ಹೊಳೆಯ ಸದ್ದಿನ ಮೇಲೆ ಎದ್ದು ಬಂದ ದನಿ ಮೊದಲಿನ ಸಣ್ಣ ದನಿಯಾಗಿರಲಿಲ್ಲ.

"ಮಾವಾರ, ಆ ಕಡೆ ಬರಬ್ಯಾಡ್ರಿ. ಅಲ್ಲಿ ಸೆಳವು ಐತಿ. ಎಡಕ್ಕ ತಿರುವ್ರಿ. ಜಾಲಿಗಿಡದ ತುದಿ ಕಾಣತೈತೆಲ್ಲ, ಅದರ ಮಗ್ಗಲದಿಂದ ಬರ್ರಿ. ಇನ್ನಷ್ಟು ಎಡಕ್ಕ ಮಾವಾರ. ಹಾಂ, ಹಂಗ. ಈಗ ನೆಟ್ಟಗ. ಎಮ್ಮಿ ಕಾಣತೈತೇನ್ರಿ? ಎಮ್ಮಿ ಹಿಂದ ಅದೀವ್ರಿ."

"ಕಾಣತೈತವಾ," ಎಂದರು ಹಿರಿಯರು. ಹೇಳಿ, ಬಿಟ್ಟರು.

ಸೊಸೆ ಹೇಳಿದಳು, ಮಾವ ಕೇಳಿದರು. ಕೊಪ್ಪಳ ಕೇಳಿತು, ಯಲಬುರ್ಗಾ ಕೇಳಿತು, ಅಳವಂಡಿ ಕೇಳಿತು. ಅವಳು ಮುಂದೆ ಒಮ್ಮೆಯೂ ತಡವರಿಸಲಿಲ್ಲ. ಬೋಟು ಮುಟ್ಟಿತು, ಹುಡುಗನನ್ನು ಎತ್ತಿದರು, ದಂಡೆಯಲ್ಲಿ ಆಂಬುಲೆನ್ಸ್ ಕಾದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಮಾಸ್ತರು ನಿಂತು ಸ್ಟ್ರೆಚರ್ ಒಳಗೆ ಹೋಗುವುದನ್ನು ವರದಿ ಮಾಡಿದರು. ಆಮೇಲಿನ ಕಾಯುವಿಕೆ ಕೆಟ್ಟದ್ದು. ಉಸಿರಾಟಕ್ಕೆ ಮಷಿನ್ ಹಾಕಿದ್ದಾರೆ ಎಂದರು, ಔಷಧ ಏರಿಸುತ್ತಿದ್ದಾರೆ ಎಂದರು. ಕೊನೆಗೆ ಮಾಸ್ತರ ದನಿ ಬಂತು. ಪಾಠದ ದನಿಯಾಗಿರಲಿಲ್ಲ ಅದು.

"ಕಣ್ಣ ತಗದಾನ್ರಿ ಅಕ್ಕಾರ. ಹೆಂಡ್ತಿನ್ನ ನೋಡ್ಯಾನ. ಡಾಕ್ಟರು ಚಿಂತಿ ಇಲ್ಲಂದ್ರು. ಓವರ್."

ನಾನು "ರೋಜರ್" ಎಂದೆ. ಎಂದು, ಗುಂಡಿ ಬಿಟ್ಟು, ಇನ್ನೂ ಆ ಮೇಜಿನ ಮೇಲೆಯೇ ಇದ್ದ ನಮ್ಮವರ ಹಿತ್ತಾಳೆ ಲೋಟದ ಮೇಲೆ ಉಗುರಿನಿಂದ ನಾಲ್ಕು ಅಕ್ಷರ ಬಡಿದೆ. ಏನೆಂದು ಹೇಳುವುದಿಲ್ಲ. ಅದು ಗಂಡ-ಹೆಂಡತಿಯ ಮಾತು.

ಆಗ ಕುಷ್ಟಗಿಯವರು ಗುಂಡಿ ಒತ್ತಿದರು. "ಅಕ್ಕಾರ, ಈಗರ ನಾ ಮಾತಾಡಬಹುದೇನ್ರಿ?"

"ಮಾತಾಡ್ರಿ."

"ನಾಷ್ಟಾ ಆತೇನ್ರಿ?"

ಆಗಿರಲಿಲ್ಲ. ಹೊತ್ತು ನೆತ್ತಿ ದಾಟಿತ್ತು. ನಾನು ನಕ್ಕದ್ದು ಜಿಲ್ಲೆಗೆಲ್ಲ ಕೇಳಿಸಿತು, ಡಿಸಿಪ್ಲಿನ್ ಮಣ್ಣುಗೂಡಿತು.

ಹುಡುಗ ಗುಣವಾಗಿ ಮನೆಗೆ ಬಂದ. ಮೋಟರ್ ಹೊಳೆಗೆ ಹೋಯಿತು, ಎಮ್ಮೆ ಉಳಿಯಿತು. ಅವಳು ಪುಸ್ತಕ ತರಿಸಿಕೊಂಡು ಓದಿ, ಹ್ಯಾಮ್ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದಳು. ಈಗ ಭಾನುವಾರ ನಾನು ಸಾಣಾಪುರವನ್ನು ಕರೆದರೆ ಓಗೊಡುವುದು ಅವಳೇ. ಮೊದಲ ಸಲ ಅವಳ ದನಿ ಬಂದಾಗ, "ಸಾಣಾಪುರ, ಲೌಡ್ ಆ್ಯಂಡ್ ಕ್ಲಿಯರ್," ಎಂದೆ. ನಮ್ಮ ಸಿಸ್ಟರ್ ಇದ್ದಿದ್ದರೆ ಕೇಳಿಸಿತೆಂದು ಕೊನೆಯ ಬೆಂಚಿನಿಂದ ಕೈ ಎತ್ತುತ್ತಿದ್ದರು.

ಆ ಹಿರಿಯರನ್ನು ನಾನು ಮುಖತಃ ಕಂಡದ್ದು ಒಮ್ಮೆ ಮಾತ್ರ. ಅದೇ ಕೊನೆಯೂ ಆಯಿತು; ಕಳೆದ ಚಳಿಗಾಲದಲ್ಲಿ ಹೋಗಿಬಿಟ್ಟರು ಎಂದು ಸೊಸೆಯೇ ಸೆಟ್ಟಿನಲ್ಲಿ ಹೇಳಿದಳು. ನಾನು ಕಂಡ ದಿನ ಸಾಣಾಪುರದ ಹೊಳೆದಂಡೆಯಲ್ಲಿ ನಮ್ಮ ಬಳಗದವರ ಅಣಕು ಕಾರ್ಯಾಚರಣೆ ಇತ್ತು. ಅವಳು ಗಡ್ಡಿಯ ಮೇಲೆ ನಿಂತು ಬೋಟಿಗೆ ದಾರಿ ಹೇಳುತ್ತಿದ್ದಳು. ಹೊಳೆ ಶಾಂತವಾಗಿತ್ತು. ಅವರು ದಂಡೆಯ ಬಂಡೆಯ ಮೇಲೆ ಕೂತಿದ್ದರು, ತಲೆಗೆ ರುಮಾಲು, ಕಿವಿಗೆ ಒತ್ತಿದ ಸೆಟ್ಟು. ನಾನು ಹತ್ತಿರ ಹೋಗಿ ನನ್ನ ಪರಿಚಯ ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿ, ಇನ್ನೊಂದು ಕೈಯೆತ್ತಿ ತಡೆದರು.

"ತಡೀರಿ ಯಮ್ಮಾ," ಎಂದರು ಮೆಲ್ಲಗೆ. "ನಮ್ಮ ಸೊಸಿ ಮಾತಾಡಾಕ ಹತ್ಯಾಳ."

ಅವರ ಹೆಬ್ಬೆರಳು ಗುಂಡಿಯಿಂದ ದೂರ, ಗಾಳಿಯಲ್ಲಿ ಎತ್ತಿಕೊಂಡೇ ಇತ್ತು. ಅವಳು ಮುಗಿಸುವವರೆಗೆ ನಾನೂ ಪಕ್ಕದಲ್ಲಿ ನಿಂತು ಕೇಳಿದೆ.